ಅಪ್ಪನ ಚಾಕುವಿಗೆ ನೀಲಿ ಅಂಟು

'ಇಷ್ಟು ಸಣ್ಣ ಸ್ಕ್ರೂಗೆ ಇಷ್ಟೊಂದು ತಲೆ ಕೆಡಿಸ್ಕೋಬೇಕೇನೋ? ಕೆಂಪಂಟು ಹಾಕಿ ಬಿಗಿದ್ಬಿಡು, ಈ ಜನ್ಮದಲ್ಲಿ ಸಡಿಲ ಆಗಲ್ಲ!' ಅಂದ ನನ್ನ ರೂಮ್‌ಮೇಟ್.

ತಲೆ ಕೆಡಿಸ್ಕೊಳ್ಳೋಕೆ ಕಾರಣ ಇತ್ತು. ಅದು ನಾನು ಅಪ್ಪನಿಗೆ ಅಂತ ತಗೊಂಡ ಮಡಚೋ ಚಾಕು. ತೋಟದಲ್ಲಿ ಬಾಳೆ ಎಲೆ ಕೊಯ್ಯೋಕೆ, ಹಗ್ಗ ಕತ್ತರಿಸೋಕೆ ಆಗುತ್ತೆ, ಡಿಸೆಂಬರಿನಲ್ಲಿ ಊರಿಗೆ ಹೋಗೋವಾಗ ಕೊಟ್ಟರಾಯ್ತು ಅಂತ. ಅಲ್ಲೀವರೆಗೆ ಸುಮ್ಮನೆ ಯಾಕೆ ಇಡೋದು ಅಂತ ನಾನೇ ಬಳಸ್ತಾ ಇದ್ದೆ.

ಈ ಬೇಸಿಗೆಯಲ್ಲಿ ನಾವಿಬ್ಬರೂ ವಾಷಿಂಗ್ಟನ್ನಿಂದ ಅಟ್ಲಾಂಟಾಗೆ ಕಾರಲ್ಲಿ ಹೊರಟ್ವಿ. ಪೀಟರ್ಸ್‌ಬರ್ಗ್‌ನಲ್ಲಿ ಇಂಟರ್‌ಸ್ಟೇಟ್ 85 ಹಿಡಿದರೆ ಎರಡೂ ಕೆರೊಲಿನಾಗಳನ್ನು ದಾಟಿಸಿ ಸೀದಾ ಅಟ್ಲಾಂಟಾ ಮುಟ್ಟಿಸುತ್ತೆ. ದಾರಿಯಲ್ಲಿ ಸೌತ್ ಕೆರೊಲಿನಾದ ಗ್ಯಾಫ್ನಿ ಅಂತ ಊರು. ಅಲ್ಲಿ 1981ರಲ್ಲಿ ಕಟ್ಟಿದ, ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಹೈವೇ ಪಕ್ಕದಲ್ಲೇ ನಿಂತಿದೆ. ಅದನ್ನ ನೋಡಿದ ಮೇಲೆ ಪೀಚ್ ತಿನ್ನದೆ ಹೋಗೋಕಾಗುತ್ತಾ? ರಸ್ತೆ ಬದಿಯಲ್ಲಿ ಒಂದು ಬುಟ್ಟಿ ಹಣ್ಣು ತಗೊಂಡು ಚಾಕು ಬಿಚ್ಚಿದೆ. ಅಲಗು ಎಡಕ್ಕೂ ಬಲಕ್ಕೂ ಅಲ್ಲಾಡ್ತು. ಹಣ್ಣಿನ ಬದಲು ನನ್ನ ಹೆಬ್ಬೆರಳು ಕೊಯ್ದಿತ್ತು!

ಗಾಯ ಸಣ್ಣದೇ. ಆದರೆ ಟಿಶ್ಯೂ ಪೇಪರ್ ಸುತ್ಕೊಂಡು ಕೂತಾಗ ಅನ್ನಿಸಿದ್ದು, ಇದೇ ಅಪ್ಪನ ಕೈಯಲ್ಲಿ ಆಗಿದ್ದಿದ್ರೆ? ತೋಟದಲ್ಲಿ ಒಬ್ಬರೇ ಇರ್ತಾರೆ, ಹೇಳೋರು ಕೇಳೋರು ಯಾರೂ ಇರಲ್ಲ.

ತಪ್ಪು ಚಾಕುವಿನದೇನಲ್ಲ. ದಿನಕ್ಕೆ ಹತ್ತು ಸಲ ತೆಗೆದು ಮುಚ್ಚಿದ್ರೆ ಅಲಗು ತಿರುಗೋ ಜಾಗದ ಸ್ಕ್ರೂ ತಾನೂ ಚೂರುಚೂರೇ ಸಡಿಲ ಆಗುತ್ತೆ. ಅದಕ್ಕೇ ಇರೋದು ಥ್ರೆಡ್‌ಲಾಕರ್. ಪ್ರತಿ ಜೂನ್‌ನಲ್ಲಿ ಬ್ಲೇಡ್ ಶೋ ಅಂತ ಚಾಕುಗಳದ್ದೇ ಜಾತ್ರೆ ನಡೆಯೋ ಅಟ್ಲಾಂಟಾದಲ್ಲಿ ನಾನು ಹೋಗಿದ್ದು ಮಾತ್ರ ಕಾರ್ ಬಿಡಿಭಾಗಗಳ ಅಂಗಡಿಗೆ! ನೀಲಿಯದೊಂದು ಪುಟ್ಟ ಬಾಟಲಿ ತಗೊಂಡೆ. ನೋಡಿದ್ರೆ ಅದು ಪೂರ್ತಿ ತುಂಬೇ ಇರ್ಲಿಲ್ಲ. ಮೋಸ ಹೋದೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಗಾಳಿ ಬೇಕು ಅಂತಲೇ ಖಾಲಿ ಬಿಟ್ಟಿರ್ತಾರೆ. ಬೇರೆ ಅಂಟು ಗಾಳಿಗೆ ಒಣಗಿದ್ರೆ, ಇದು ಗಾಳಿ ಇಲ್ಲದಾಗ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುತ್ತೆ. ಕನೆಕ್ಟಿಕಟ್‌ನ ಟ್ರಿನಿಟಿ ಕಾಲೇಜಿನ ಕೆಮಿಸ್ಟ್ರಿ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಮಾಡಿದ್ದು. ಅದೇ ಮುಂದೆ ಲಾಕ್‌ಟೈಟ್ ಆಯ್ತು.

ರೂಮ್‌ಮೇಟ್‌ನ ಟೂಲ್‌ಬಾಕ್ಸಿನಲ್ಲಿದ್ದದ್ದು ಕೆಂಪು. ಅದನ್ನ ಬಿಚ್ಚಬೇಕಾದ್ರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಬೇಕು. ಅಷ್ಟು ಕಾಯಿಸಿದ್ರೆ ಕೆಲವು ಉಕ್ಕಿನ ಅಲಗಿನ ಹದವೇ ಹೋಗಬಹುದು. ನೀಲಿಯದಾದ್ರೆ ಮಾಮೂಲಿ ಸ್ಕ್ರೂಡ್ರೈವರ್ ಸಾಕು. 'ಹಂಗಾದ್ರೆ ನೀಲಿ ಎಚ್-1, ಕೆಂಪು ಗ್ರೀನ್‌ಕಾರ್ಡ್ ಅನ್ನು!' ಅಂದ ಅವನು.

ಮನೆಗೆ ಬಂದು ಕೂತು ಮಾಡಿದೆ. ಸ್ಕ್ರೂ ಬಿಚ್ಚಿ, ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಎಣ್ಣೆ ಜಿಡ್ಡೆಲ್ಲ ಒರೆಸಿ, ಥ್ರೆಡ್ ತುದಿಗೆ ಟೂತ್‌ಪಿಕ್‌ನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಹನಿ. ಮೊದಲ ಸಲ ಆಸೆಬುರುಕತನದಿಂದ ಜಾಸ್ತಿ ಹಾಕಿ, ಅದು ವಾಷರ್‌ಗೆ ಇಳಿದು, ಅಲಗೇ ಕಚ್ಕೊಂಡು ಕೂತಿತ್ತು. ಎಲ್ಲಾ ಬಿಚ್ಚಿ, ತೊಳೆದು, ಮತ್ತೆ ಮಾಡಿದೆ. ಅಲ್ಲಾಡಬಾರದು, ತಿರುಗೋದೂ ನಿಲ್ಲಬಾರದು, ಅಷ್ಟೇ ಬಿಗಿ. ಆಮೇಲೆ 24 ಗಂಟೆ ಮುಟ್ಟಲಿಲ್ಲ. ಅಕಸ್ಮಾತ್ ಕೆಂಪು ಹಾಕಿದ್ದಿದ್ರೆ ಆ ಮೊದಲ ತಪ್ಪೇ ಕೊನೇ ತಪ್ಪಾಗಿರ್ತಿತ್ತು.

ಭಾನುವಾರ ಫೋನಲ್ಲಿ ಅಪ್ಪನಿಗೆ ಎಲ್ಲಾ ಹೇಳಿದೆ. ನಕ್ಕರು. 'ನಮ್ಮ ಅಡಕತ್ತರಿ ಸಡಿಲ ಆದ್ರೆ ಸುತ್ತಿಗೇಲಿ ಒಂದು ಪೆಟ್ಟು ಸಾಕಪ್ಪ. ನಿಮ್ಮ ಅಮೆರಿಕದ ಚಾಕುಗೆ ಅಂಟು ಬೇರೆ ಬೇಕಾ?' ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, 'ಮಣ್ಣು ಸೇರಿದ್ರೆ ಬಿಚ್ಚಿ ತೊಳೆಯೋಕೆ ಬರುತ್ತಾ?' ಅಂತ ಕೇಳಿದ್ರು.

ಬರುತ್ತಪ್ಪಾ, ಅದಕ್ಕೇ ನೀಲಿ ಹಾಕಿದ್ದು ಅಂದೆ. ಚಾಕು ಜೊತೆಗೆ ಸೂಟ್‌ಕೇಸಿಗೆ ಆ ನಕ್ಷತ್ರದಾಕಾರದ ತುದಿಯ ಟಿ8 ಸ್ಕ್ರೂಡ್ರೈವರನ್ನೂ ಹಾಕಿಟ್ಟಿದ್ದೀನಿ. ನಮ್ಮೂರಿನ ಅಂಗಡಿಯಲ್ಲಿ ಅದು ಸಿಗೋದು ಡೌಟು.