ಎದೆಯ ಗಾಯವೂ ನಮ್ಮ ಆರೋಗ್ಯ ಶಿಬಿರಗಳೂ

2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆಗ ಹಳಿಗಳ ಪಕ್ಕದ ಗುಡಿಸಲುಗಳ ಜನ ಮನೆಯ ಚಾದರಗಳನ್ನೇ ಡೋಲಿ ಮಾಡಿಕೊಂಡು ಗಾಯಾಳುಗಳನ್ನು ಹೊತ್ತೊಯ್ದರು. ಈ ಮಹಾನಗರದಲ್ಲಿ ಕರುಣೆಗೆ ಕೊರತೆಯಿಲ್ಲ. ಕೊರತೆಯಿರುವುದು ಆಸ್ಪತ್ರೆ ತಲುಪುವ ತನಕ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬ ತಿಳಿವಳಿಕೆಗೆ.

ಈ ತಿಳಿವಳಿಕೆಯನ್ನು ಸೇನೆಗಳು ರಕ್ತ ತೆತ್ತು ಗಳಿಸಿವೆ. ವಿಯೆಟ್ನಾಂ ಯುದ್ಧದ ಸಾವುಗಳನ್ನು ಪರಿಶೀಲಿಸಿದ ವೈದ್ಯರು, ತಪ್ಪಿಸಬಹುದಾಗಿದ್ದ ಸಾವುಗಳಲ್ಲಿ ಕೈಕಾಲುಗಳ ರಕ್ತಸ್ರಾವದ ನಂತರದ ಸ್ಥಾನ ಎದೆಯೊಳಗೆ ಗಾಳಿ ಕಟ್ಟಿಕೊಳ್ಳುವುದಕ್ಕೆ ಸಲ್ಲುತ್ತದೆಂದು ಕಂಡುಕೊಂಡರು. ಇದರ ಬಗೆ ಸರಳ. ಎದೆಗೂಡಿಗೂ ಶ್ವಾಸಕೋಶಕ್ಕೂ ನಡುವೆ ಗಾಳಿ ಸೇರಿದರೆ ಶ್ವಾಸಕೋಶ ಕುಗ್ಗುತ್ತದೆ. ಗಾಯವು ಸೈಕಲ್ ಟ್ಯೂಬಿನ ವಾಲ್ವಿನಂತೆ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದಿದ್ದರೆ ಒತ್ತಡವೇರಿ ಹೃದಯವೇ ಪಕ್ಕಕ್ಕೆ ಸರಿಯುತ್ತದೆ; ಹೃದಯಕ್ಕೆ ಮರಳುವ ರಕ್ತಕ್ಕೆ ದಾರಿಯಿಲ್ಲದೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಆದುದರಿಂದಲೇ ಇಂದು ಸೈನಿಕನಿಗೆ ಮೊದಲು ಭಾರಿ ರಕ್ತಸ್ರಾವ, ಅನಂತರ ಶ್ವಾಸಮಾರ್ಗ, ಅನಂತರ ಎದೆ ಎಂಬ ಕ್ರಮವನ್ನು ಕಂಠಪಾಠ ಮಾಡಿಸುತ್ತಾರೆ. ಎದೆಯ ಗಾಯಕ್ಕೆ ಅವನು ಗಾಳಿ ಹೊರಹೋಗಲು ಕಿಂಡಿಯುಳ್ಳ ಅಂಟುಪಟ್ಟಿ ಹಚ್ಚುತ್ತಾನೆ. ತರಬೇತಾದವನು ಸೂಜಿ ಚುಚ್ಚಿ ಒತ್ತಡವನ್ನೂ ಇಳಿಸುತ್ತಾನೆ.

ಯುದ್ಧದ ಮಾತು ಗುಮಾಸ್ತರಿಗೂ ಹೋಟೆಲಿನವರಿಗೂ ಏಕೆ ಎಂದು ಕೆಲವರು ಕೇಳಿಯಾರು. 2008ರ ನವೆಂಬರ್ 26ರಂದು ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಗುಂಡು ತಗುಲಿದವರು ಊರಿಗೆ ಹೊರಟ ಪ್ರಯಾಣಿಕರು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ 20ಕ್ಕೂ ಹೆಚ್ಚು ಜನ ನೂಕುನುಗ್ಗಲಿಗೆ ಸಿಕ್ಕಿ ಸತ್ತರು. ಅಂಥ ಒತ್ತಡದಲ್ಲಿ ಎದೆ ಅಮುಕಿ ಹೋಗಿ ಉಸಿರೇ ನಿಲ್ಲುತ್ತದೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳಿಂದ ಬಿದ್ದು ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಹಾಗೆ ಬಿದ್ದಾಗ ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿದರೆ ಹೊರಗೆ ಗಾಯವೇ ಕಾಣದೆ ಒಳಗೆ ಗಾಳಿ ತುಂಬಬಹುದು. ನಮ್ಮ ಬ್ಯಾಂಕುಗಳ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರನಿರುತ್ತಾನೆ; ಗುಂಡು ಹಾರಿದ ಮೇಲೆ ಮಾಡಬೇಕಾದುದನ್ನು ಬಲ್ಲವರು ಒಳಗೆ ಎಷ್ಟು ಮಂದಿ?

ಆದರೆ ಸೈನಿಕನನ್ನು ಹಾಗೆಯೇ ಅನುಕರಿಸುವುದು ಸಲ್ಲದು. ಎದೆಯ ತೂತಿಗೆ ಪ್ಲಾಸ್ಟಿಕ್ ಹಾಳೆಯಿಟ್ಟು ಮೂರು ಬದಿ ಅಂಟಿಸಬೇಕೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2024ರಲ್ಲಿ ಅಮೆರಿಕದ ಹೃದಯ ಸಂಘವೂ ರೆಡ್ ಕ್ರಾಸೂ ಹೊರಡಿಸಿದ ಸೂಚನೆಯಂತೆ, ಪ್ರಥಮ ಚಿಕಿತ್ಸಕನು ಅಂಥ ಗಾಯವನ್ನು ತೆರೆದೇ ಬಿಡಬಹುದು, ಇಲ್ಲವೆ ಗಾಳಿಯಾಡುವ ಒಣ ಶುಚಿ ಬಟ್ಟೆಯನ್ನು ಇಡಬಹುದು. ರಕ್ತದಲ್ಲಿ ತೊಯ್ದ ಬಟ್ಟೆ ತಾನೇ ಮುಚ್ಚಳವಾಗಿಬಿಡುವುದರಿಂದ ಅದನ್ನು ಬದಲಿಸಬೇಕು. ಮುಚ್ಚಿದ ಮೇಲೆ ಏದುಸಿರು ಹೆಚ್ಚಿದರೆ, ತುಟಿ ನೀಲಿಗಟ್ಟಿದರೆ, ಮುಚ್ಚಿದ್ದನ್ನು ಕೂಡಲೇ ತೆಗೆಯಬೇಕು. ಚುಚ್ಚಿಕೊಂಡಿರುವ ಚೂರಿಯನ್ನಾಗಲಿ ಸರಳನ್ನಾಗಲಿ ಕೀಳಲೇಬಾರದು. ಎಚ್ಚರವಿರುವವನು ಒರಗಿ ಕುಳಿತು ಉಸಿರಾಡಬಯಸಿದರೆ ಬಲವಂತದಿಂದ ಮಲಗಿಸಬಾರದು. ನಮ್ಮವರು ಮೊದಲು ಮಾಡುವ ಉಪಚಾರವೇ ನೀರು ಕುಡಿಸುವುದು, ಅದೂ ಕೂಡದು. ಸೂಜಿಯ ಗೊಡವೆಯಂತೂ ನಮಗೆ ಬೇಡವೇ ಬೇಡ. 108ಕ್ಕೆ ಕರೆಮಾಡಿ, ಅವನ ಉಸಿರಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ಇರುವುದು ಅರ್ಧ ಚಿಕಿತ್ಸೆ.

ಪೊಲೀಸರ ಭಯದಿಂದ ದೂರ ಸರಿಯುವವರೂ ಉಂಟು. ರಸ್ತೆ ಅಪಘಾತದ ಗಾಯಾಳುವಿಗೆ ಸದ್ಭಾವದಿಂದ ನೆರವಾದವನಿಗೆ 2016ರಲ್ಲಿ ಸುಪ್ರೀಂ ಕೋರ್ಟು, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ರಕ್ಷಣೆ ನೀಡಿವೆ. ಇದನ್ನು ನಮ್ಮ ವಸತಿ ಸೊಸೈಟಿಗಳ ಫಲಕಗಳಲ್ಲಿ ಬರೆದು ಹಾಕಬಾರದೇಕೆ?

ನಮ್ಮ ಸಂಘ ಸಂಸ್ಥೆಗಳು ಪ್ರತಿವರ್ಷ ರಕ್ತದೊತ್ತಡ, ಸಕ್ಕರೆ, ಕಣ್ಣು ತಪಾಸಣೆಯ ಶಿಬಿರಗಳನ್ನು ತಪ್ಪದೆ ನಡೆಸುತ್ತವೆ. ಅವು ಇರಲಿ. ಆದರೆ ಅಲ್ಲಿಗೆ ಬರುವವರು ಬಹುಮಟ್ಟಿಗೆ ಹಿರಿಯರು. ವಿರಾರ್, ಡೊಂಬಿವಲಿಗಳಿಂದ ನಿತ್ಯ ಬಾಗಿಲಿಗೆ ಜೋತುಬಿದ್ದು ಬರುವ ತರುಣರಲ್ಲ. ಬರುವ ವರ್ಷ ಆ ತರುಣರಿಗಾಗಿ ಒಂದು ಭಾನುವಾರದ ಎರಡು ಗಂಟೆಗಳನ್ನು ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ. ಕಲಿಸಲು ಸೇಂಟ್ ಜಾನ್ ಆಂಬ್ಯುಲೆನ್ಸಿನವರಿದ್ದಾರೆ, ನಿವೃತ್ತ ಸೇನಾ ವೈದ್ಯರಿದ್ದಾರೆ. ಭಾಷಣ ಬೇಡ, ನೆಲದ ಮೇಲೆ ಒಬ್ಬನನ್ನು ಮಲಗಿಸಿ, ಕೈಯಲ್ಲಿ ಬಟ್ಟೆ ಕೊಟ್ಟು ಮಾಡಿಸಲಿ.