ಮಸೂದೆ ಕಪಾಟಿಗೆ, ಕೆಲಸ ಯಾರಿಗೆ?

2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆ ಎರಡು–ಮೂರು ದಿನಗಳಲ್ಲೇ ಕಪಾಟು ಸೇರಿತು. ಖಾಸಗಿ ವಲಯದ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು ಅದು. ಕಂಪನಿಗಳು ಬೇರೆಡೆ ಹೋದಾವು ಎಂದು ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಎಚ್ಚರಿಸಿತು; ಸರ್ಕಾರ ಹಿಂದೆ ಸರಿಯಿತು.

ಬೇಡಿಕೆ ಹೊಸದಲ್ಲ. ರಾಜ್ಯ ಸರ್ಕಾರವೇ ನೇಮಿಸಿದ್ದ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿತ್ತು. ಆದರೆ ಕಾನೂನಿನ ದಾರಿ ಸಲೀಸಲ್ಲ: ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಶೇ 75 ಮೀಸಲಿಟ್ಟಿದ್ದ ಹರಿಯಾಣದ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು.

ಹೀಗಿರುವಾಗ ಬರೀ ಶೇಕಡಾವಾರು ಹಿಡಿದು ಜಗ್ಗಾಡಿದರೆ ಏನು ಫಲ? ಜಮೀನು, ತೆರಿಗೆ ರಿಯಾಯಿತಿ ಪಡೆದ ಉದ್ಯಮಗಳು ಎಷ್ಟು ಸ್ಥಳೀಯರಿಗೆ ಕೆಲಸ ಕೊಟ್ಟಿವೆ ಎಂಬ ಲೆಕ್ಕ ಪ್ರತಿವರ್ಷ ಬಹಿರಂಗವಾಗಲಿ. ಕಲಬುರಗಿ, ರಾಯಚೂರಿನ ಐಟಿಐ ಹುಡುಗ–ಹುಡುಗಿಯರನ್ನು ಅವು ಅಪ್ರೆಂಟಿಸ್‌ಗಳಾಗಿ ಸೇರಿಸಿಕೊಳ್ಳಲಿ. ರಿಯಾಯಿತಿಯ ಕರಾರಿನಲ್ಲೇ ಈ ಎರಡೂ ಷರತ್ತು ಬರೆಯಬಹುದು.