ಊರ ಆಸ್ಪತ್ರೆ ಬಿಟ್ಟು ಬೆಂಗಳೂರಿನ ಬಸ್ ಹತ್ತುವವರು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬಂಧುಗಳೇ,

ಎಚ್‌ಐವಿ ಸೋಂಕಿತರಿಗೆ ಸರ್ಕಾರ ವೈರಾಣು ತಗ್ಗಿಸುವ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಈಗ ಬಹುತೇಕರಿಗೆ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿ, ವೈರಾಣು ರಕ್ತಪರೀಕ್ಷೆಗೂ ಸಿಗದಷ್ಟು ತಗ್ಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಔಷಧ ತನ್ನ ಕೆಲಸ ಮಾಡುತ್ತಿದೆ. ನಮ್ಮ ಬಾಯಿ ಮಾತ್ರ ಇನ್ನೂ ತೊಂಬತ್ತರ ದಶಕದಲ್ಲೇ ಇದೆ.

ಊರ ಆಸ್ಪತ್ರೆಯಲ್ಲಿ ಗುರುತಿನವರು ಕಂಡುಬಿಟ್ಟರೆ ಎಂಬ ಅಂಜಿಕೆಯಿಂದ ಬೆಂಗಳೂರಿನಲ್ಲೇ ಹೆಸರು ಬರೆಸಿಕೊಳ್ಳುವವರಿದ್ದಾರೆ. ಮಾತ್ರೆ ತರಲು ಹೋದಾಗಲೆಲ್ಲ ಮಗ್ಗದವರಿಗೆ, ಗಾರ್ಮೆಂಟ್ಸ್‌ನವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ, ಕೂಲಿ ಉಳಿದಿಲ್ಲ. ಸೂಪರ್‌ವೈಸರ್‌ಗೆ ಪ್ರತಿ ಸಲ ಹೊಸ ನೆಪ ಬೇಕು. ವಾಪಸ್ ಬರುವಾಗ ಡಬ್ಬಿಯ ಲೇಬಲ್ ಕಿತ್ತು, ಮಾತ್ರೆ ಗಲಗಲ ಅನ್ನದಂತೆ ಒಳಗೆ ಹತ್ತಿ ತುರುಕಬೇಕು. ಮನೆ ತುಂಬ ನೆಂಟರಿದ್ದ ರಾತ್ರಿ ನುಂಗುವುದೇ ತಪ್ಪುತ್ತದೆ. ಹೀಗೆ ತಪ್ಪುತ್ತಾ ಹೋದರೆ ವೈರಾಣು ಔಷಧಕ್ಕೆ ಬಗ್ಗದೆ ಹೋಗಬಹುದು.

ಆದ್ದರಿಂದ ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಬೀದಿಯವರು ಕಂಡರೆ 'ಏನು ಬಂದಿದ್ದು?' ಎಂದು ಕೇಳಬೇಡಿ. ಕೇಳಿದರೂ ಆ ಮಾತನ್ನು ಮನೆಗೆ ಹೊತ್ತು ತರಬೇಡಿ. ನಮಗಿದು ಕಷ್ಟ, ಗೊತ್ತು, ಆದರೂ.

ಕಾರ್ಖಾನೆ ಮಾಲೀಕರಲ್ಲಿ ಇನ್ನೊಂದು ಮಾತು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆಯಿಂದ ಎಬ್ಬಿಸುವಂತಿಲ್ಲ, ಮಕ್ಕಳನ್ನು ಶಾಲೆಯಿಂದ ದೂರವಿಡುವಂತಿಲ್ಲ. ನೂರು ಅಥವಾ ಹೆಚ್ಚು ಜನರಿರುವ ಕಡೆ, ಆಸ್ಪತ್ರೆಯಾದರೆ ಇಪ್ಪತ್ತು ಜನರಿದ್ದರೂ, ದೂರು ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಲೇಬೇಕು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಾಗಲಿ, ಹೊಸಕೋಟೆಯ ಗೋದಾಮಿನಲ್ಲಾಗಲಿ ಆ ಅಧಿಕಾರಿಯ ಹೆಸರು ನೋಟಿಸ್ ಬೋರ್ಡ್ ಮೇಲಿದೆಯೇ, ನೋಡಿ. ಇಲ್ಲದಿದ್ದರೆ ಈ ವಾರವೇ ಹಾಕಿಸಿ. ಆಸ್ಪತ್ರೆಗೆಂದು ರಜೆ ಕೇಳಿದವರಿಗೆ ಕಾಯಿಲೆಯ ಹೆಸರು ಕೇಳದೆ ಸಹಿ ಹಾಕಿ.

ಮನೆಯಲ್ಲಿ ಸೋಂಕಿತರಿದ್ದರೆ ತಟ್ಟೆ, ಲೋಟ ಬೇರೆ ಇಡಬೇಡಿ. ಒಟ್ಟಿಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ, ಮಗುವನ್ನು ಎತ್ತಿಕೊಂಡರೆ ಇದು ಅಂಟುವ ಕಾಯಿಲೆಯಲ್ಲ.

ಇದನ್ನು ಓದುತ್ತಿರುವ ಸೋಂಕಿತರಿಗೆ: ನಿಮ್ಮ ಹೆಸರನ್ನು ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಡಿ ಎಂದು ಈಗಿನ ಕೇಂದ್ರದಲ್ಲೇ ಕೇಳಬಹುದು. ಹೆಂಗಸರಿಗೆ ಸಣ್ಣ ಕಸುಬು ಹಿಡಿಯಲು ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯಿದೆ, ವಿಚಾರಿಸಿ. ಅನುಮಾನವಿದ್ದೂ ಪರೀಕ್ಷೆ ಮಾಡಿಸದವರು ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಹೋಗಿ. ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.